ಹಟ್ಟಿಯಲ್ಲಿ ಮರಗೆಲಸ: ಮೊದಲ ಕರೆಂಟ್ ಗರಗಸ ಯಾವುದು ತೆಗೆಯಲಿ?

ಪೆರ್ಲದ ಮಾಷ್ಟ್ರು

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಸುಮ್ನೆ ಓದಿಕೊಂಡಿದ್ದೆ, ಬರೆಯುವುದು ಇದೇ ಮೊದಲು.

ದನ ಕೊಟ್ಟ ಮೇಲೆ ನಮ್ಮ ಹಟ್ಟಿ ಖಾಲಿ ಬಿದ್ದಿದೆ. ಒಳಗೆ 10 ಅಡಿ ಅಗಲ, 12 ಅಡಿ ಉದ್ದ. ನೆಲಕ್ಕೆ ಸಿಮೆಂಟ್ ಹಾಕಿಸಿದ್ದೇನೆ, ಮೇಲೆ ಹಂಚು. ಅಲ್ಲಿ ಸಣ್ಣಪುಟ್ಟ ಮರಗೆಲಸ ಶುರು ಮಾಡಬೇಕು ಅಂತ ಆಸೆ. ಈಗ ನನ್ನ ಹತ್ತಿರ ಇರುವುದು ಒಂದು ಕೈಗರಗಸ, ಎರಡು ಉಳಿ, ಅಜ್ಜನ ಕಾಲದ ಕೀಸುಳಿ, ಒಂದು ಡ್ರಿಲ್.

ಅಟ್ಟದಲ್ಲಿ 11 ಹಲಸಿನ ಹಲಗೆಗಳಿವೆ. ಅಪ್ಪ ಮಿಲ್ಲಿನಲ್ಲಿ ಸೀಳಿಸಿ ಜೋಡಿಸಿಟ್ಟದ್ದು. ಒಂದೂವರೆ ಇಂಚು ದಪ್ಪ, 7 ಅಡಿ ಉದ್ದ, ಬದಿಗಳು ಮಾತ್ರ ಓರೆಕೋರೆ. ಅದರಲ್ಲಿ ಒಂದು ಪುಸ್ತಕದ ಕಪಾಟು, ಚಾವಡಿಗೆ ಒಂದು ಬೆಂಚು ಆಗಬೇಕು. ಆಮೇಲೆ ಅಡುಗೆಮನೆಗೆ ಪ್ಲೈವುಡ್ ಕಪಾಟು. ಆಚಾರ್ರು "ಬರ್ತೇನೆ" ಎಂದು ಹೇಳಿ ಎರಡು ದೀಪಾವಳಿ ಕಳೆಯಿತು.

ಬಜೆಟ್ 15 ಸಾವಿರ. ಮನೆಯಲ್ಲಿ ಹೇಳಿದ್ದು 10.

ಮೇಜಿನಲ್ಲಿ ಬ್ಲೇಡ್ ಕೂತಿರುವ ಟೇಬಲ್ ಸಾ, ಕೈಯಲ್ಲಿ ಹಿಡಿದು ಓಡಿಸುವ ದುಂಡು ಬ್ಲೇಡಿನ ಸರ್ಕ್ಯುಲರ್ ಸಾ, ಮೇಲೆ ಕೆಳಗೆ ಆಡುವ ಸಪೂರ ಬ್ಲೇಡಿನ ಜಿಗ್‌ಸಾ, ಯಾವುದು ಮೊದಲು? ಪೇಟೆಯ ಅಂಗಡಿಯವರೊಬ್ಬರು "ಮಾರ್ಬಲ್ ಕಟ್ಟರ್ ತೆಗೊಳ್ಳಿ ಮಾಷ್ಟ್ರೇ, ಮರದ ಬ್ಲೇಡ್ ಹಾಕಿದ್ರೆ ಅದರಲ್ಲೇ ಎಲ್ಲ ಆಗ್ತದೆ" ಎಂದರು. ಹೌದಾ?

ಕುಂಬಳೆ ಕಡಲು

ಟೇಬಲ್ ಸಾ ತೆಗೆಯಿರಿ ಮಾಷ್ಟ್ರೇ. 10 ಇಂಚಿನದು. ಬೇರೆಲ್ಲ ತೆಗೆದು ನೋಡಿ ಕೊನೆಗೆ ಎಲ್ಲರೂ ಬರುವುದು ಅಲ್ಲಿಗೇ. ದುಡ್ಡು ಸಾಲದಿದ್ದರೆ ಆರು ತಿಂಗಳು ಕಾದು ತೆಗೆಯಿರಿ.

ಹೊಸೂರು ಫಿಟ್ಟರ್

ಕುಂಬಳೆಯವರೇ, 12 ಅಡಿ ಉದ್ದದ ಹಟ್ಟಿ ಅಂದಿದ್ದಾರೆ, ಓದಿದಿರಾ?

8 ಅಡಿ ಉದ್ದದ ಪ್ಲೈ ಹಾಳೆಯನ್ನು ಟೇಬಲ್ ಸಾದಲ್ಲಿ ಉದ್ದಕ್ಕೆ ಸೀಳಬೇಕಾದರೆ ಬ್ಲೇಡಿನ ಈಚೆ 8 ಅಡಿ, ಆಚೆ 8 ಅಡಿ ಬೇಕು. ನಿಲ್ಲಲು ಜಾಗ ಬೇರೆ. 18 ಅಡಿಗೆ ಕಡಿಮೆ ಆಗುವುದೇ ಇಲ್ಲ. ಅವರ 7 ಅಡಿ ಹಲಗೆಗೂ 14 ಅಡಿ ಬೇಕು. ಬಾಗಿಲಿಗೆ ನೇರ ಇಟ್ಟು ಸೀಳಬಹುದು, ಸರಿ. ಆದರೆ ಜೂನ್ ತಿಂಗಳಲ್ಲಿ ಪೆರ್ಲದಲ್ಲಿ ಅರ್ಧ ಹಲಗೆ ಅಂಗಳದ ಮಳೆಗೆ ಹೋಗುತ್ತದೆ.

ಮರ ದೊಡ್ಡದು, ಜಾಗ ಸಣ್ಣದು ಅಂದ ಮೇಲೆ ಮರ ನಿಂತಲ್ಲೇ ನಿಲ್ಲಬೇಕು, ಗರಗಸ ನಡೆಯಬೇಕು. ನನ್ನ ಓಟು ಏಳು ಕಾಲು ಇಂಚಿನ ಸರ್ಕ್ಯುಲರ್ ಸಾಗೆ. 185 ಮಿ.ಮೀ. ಬ್ಲೇಡ್ ಬರುವುದು.

ಅಡೂರಕ್ಕ

ನಾನು ಜಿಗ್‌ಸಾದಿಂದಲೇ ಶುರು ಮಾಡಿದ್ದು. ಮಕ್ಕಳ ಆಟಿಕೆ, ಮಣೆ, ಗೋಡೆ ಕಪಾಟು ಎಲ್ಲ ಅದರಲ್ಲೇ ಆಗಿದೆ. ಹೆದರಿಕೆ ಕಡಿಮೆ, ಸದ್ದು ಕಡಿಮೆ, ತಿರುವು ಸುಳಿವು ಕೊಯ್ಯಬಹುದು. ಬ್ಲೇಡ್ ಮಾತ್ರ ಒಳ್ಳೆಯದು ಹಾಕಿ. ನಯವಾಗಿ ಕೊಯ್ಯಲು ಟಿ 101 ಬಿ, ಬೇಗ ಕೊಯ್ಯಲು ಟಿ 144 ಡಿ. ಅಂಗಡಿಯಲ್ಲಿ ಈ ನಂಬರ್ ಹೇಳಿದರೆ ಸಾಕು.

ಆದರೆ ಮಾಷ್ಟ್ರೇ, ಒಂದೂವರೆ ಇಂಚಿನ ಹಲಸನ್ನು ಅದರಲ್ಲಿ 7 ಅಡಿ ಸೀಳುತ್ತೇನೆ ಅಂದುಕೊಳ್ಳಬೇಡಿ. ಮೇಲಿನಿಂದ ನೋಡುವಾಗ ಗೆರೆಯ ಮೇಲೇ ಹೋಗುತ್ತಿರುತ್ತದೆ. ತಿರುಗಿಸಿ ನೋಡಿದರೆ ಅಡಿಯಲ್ಲಿ ಬ್ಲೇಡ್ ಬಾಗಿ ಎಲ್ಲಿಗೋ ಹೋಗಿರುತ್ತದೆ. ನನ್ನ ಮೊದಲ ಬೆಂಚಿನ ಕಾಲು ಹಾಗೇ ಆಯಿತು. ಅದೀಗ ತುಳಸಿ ಕಟ್ಟೆಯ ಹತ್ತಿರ ಹೂಕುಂಡ ಇಡಲು ಉಪಯೋಗ.

ಉಳಿಬಾಚಿ

ನಾನು ಕೆಲಸದಲ್ಲೇ ಆಚಾರಿ, ಮುಳ್ಳೇರಿಯ ಕಡೆ. ಬರುತ್ತೇನೆ ಎಂದು ಹೇಳಿ ಬಾರದವನು ನಾನಲ್ಲ ಮಾಷ್ಟ್ರೇ 😀

ಮಾರ್ಬಲ್ ಕಟ್ಟರ್ ವಿಷಯ ಹೇಳುತ್ತೇನೆ. ನಮ್ಮಲ್ಲಿ ಮುಕ್ಕಾಲು ಪಾಲು ಜನ ಅದನ್ನೇ ಹಿಡಿದು ಕೆಲಸ ಮಾಡುವುದು, ನಾನೂ ಮಾಡಿದ್ದೇನೆ. ಹಗುರ, ಅಗ್ಗ, ಸ್ಕೂಟರಿನ ಡಿಕ್ಕಿಯಲ್ಲಿ ಹಿಡಿಸುತ್ತದೆ. ಹಾಗೆಂದು ಹೊಸಬರಿಗೆ ತೆಗೆಯಿರಿ ಅಂತ ನಾನು ಹೇಳುವುದಿಲ್ಲ. ಅದು ಕಲ್ಲು ಕೊಯ್ಯಲು ಮಾಡಿದ್ದು. ಸರ್ಕ್ಯುಲರ್ ಸಾದಲ್ಲಿ ಬ್ಲೇಡಿನ ಅಡಿಗೆ ಸ್ಪ್ರಿಂಗ್ ಇರುವ ಮುಚ್ಚಳ ಇರುತ್ತದೆ, ಮರದಿಂದ ಎತ್ತಿದ ಕೂಡಲೇ ಚಟ್ ಎಂದು ಮುಚ್ಚಿಕೊಳ್ಳುತ್ತದೆ. ಮಾರ್ಬಲ್ ಕಟ್ಟರ್‌ನಲ್ಲಿ ಅದಿಲ್ಲ. ಸ್ವಿಚ್ ಬಿಟ್ಟ ಮೇಲೂ ಬ್ಲೇಡ್ ಸ್ವಲ್ಪ ಹೊತ್ತು ತಿರುಗುತ್ತಿರುತ್ತದೆ. ಆ ಹೊತ್ತಿಗೇ ನಾವು ಅದನ್ನು ತೊಡೆಯ ಹತ್ತಿರ ಇಳಿಸುವುದು.

ನನ್ನ ಎಡಗೈ ತೋರುಬೆರಳಿನ ತುದಿಯಲ್ಲಿ ಉಗುರು ಅರ್ಧವೇ ಬರುವುದು. ಇಷ್ಟು ಸಾಕಲ್ವಾ?

ಹೊಸೂರು ಫಿಟ್ಟರ್

ಆಚಾರ್ರು ಹೇಳಿದ್ದಕ್ಕೆ ಲೆಕ್ಕ ಸೇರಿಸುತ್ತೇನೆ. 4 ಇಂಚಿನ ಮಾರ್ಬಲ್ ಕಟ್ಟರ್ ನಿಮಿಷಕ್ಕೆ 12–13 ಸಾವಿರ ಸುತ್ತು ತಿರುಗುತ್ತದೆ. 7 ಇಂಚಿನ ಸರ್ಕ್ಯುಲರ್ ಸಾ 5 ಸಾವಿರದ ಆಸುಪಾಸು. ಪ್ರತಿ ಬ್ಲೇಡಿನ ಮೇಲೂ ಗರಿಷ್ಠ ಆರ್‌ಪಿಎಂ (ನಿಮಿಷಕ್ಕೆ ಸುತ್ತು) ಎಷ್ಟು ಅಂತ ಬರೆದಿರುತ್ತದೆ. ನಿಮ್ಮ ಯಂತ್ರದ ಆರ್‌ಪಿಎಂ ಅದಕ್ಕಿಂತ ಜಾಸ್ತಿ ಇದ್ದರೆ ಆ ಬ್ಲೇಡ್ ಮುಟ್ಟಲೇಬಾರದು. ಆಂಗಲ್ ಗ್ರೈಂಡರ್‌ಗೆ ಮರದ ಬ್ಲೇಡ್ ಹಾಕುವವರೂ ಇದ್ದಾರೆ, ಅವರ ಬಗ್ಗೆ ಮಾತಾಡುವುದೇ ಬೇಡ.

ಇನ್ನು ಆಳ. ಇದನ್ನು ನೋಡಿದರೆ ಮಾಷ್ಟ್ರ ಪ್ರಶ್ನೆಗೆ ಉತ್ತರ ತಾನಾಗಿ ಸಿಗುತ್ತದೆ. ಒಂದೂವರೆ ಇಂಚು ಅಂದರೆ 38 ಮಿ.ಮೀ. ಮಾರ್ಬಲ್ ಕಟ್ಟರ್ ಹೋಗುವುದು 30–34 ಮಿ.ಮೀ. ಆಳಕ್ಕೆ. ಹಲಗೆ ತುಂಡೇ ಆಗುವುದಿಲ್ಲ, ತಿರುಗಿಸಿ ಇನ್ನೊಂದು ಕಡೆಯಿಂದ ಕೊಯ್ಯಬೇಕು. 5 ಇಂಚಿನದು 40ರ ಹತ್ತಿರ, ಅಂದರೆ ಕೂದಲೆಳೆ. 7 ಇಂಚಿನದು 60 ದಾಟುತ್ತದೆ. 45 ಡಿಗ್ರಿ ಓರೆ ಮಾಡಿದರೂ 40 ಮೇಲೆ ಸಿಗುತ್ತದೆ.

ಕುಂಬಳೆ ಕಡಲು

ಸರಿ ಮಾರಾಯ್ರೇ, ಜಾಗದ ಮಾತು ಒಪ್ಪಿದೆ. ಆದರೆ ಒಂದೇ ಅಗಲದ ಹತ್ತು ಪಟ್ಟಿ ಬೇಕಾದಾಗ ಟೇಬಲ್ ಸಾ ಇಲ್ಲದೆ ಪರದಾಡುತ್ತೀರಿ, ಆಗ ನನ್ನನ್ನು ನೆನೆಸಿ.

ಜತ್ತದ ಬಸು

ನಮಸ್ಕಾರ್ರೀ. ನಾನು ಸಾಂಗ್ಲಿ ಜಿಲ್ಲೆ ಜತ್ತದವ. ಟೇಬಲ್ ಸಾಗೆ ಅಷ್ಟು ದುಡ್ಡು ಯಾಕೆ? ಸರ್ಕ್ಯುಲರ್ ಸಾವನ್ನು ಉಲ್ಟಾ ಮಾಡಿ ಪ್ಲೈ ಹಲಗೆಯ ಅಡಿಗೆ ಬಿಗಿದರೆ ಅದೇ ಟೇಬಲ್ ಸಾ ಆಯ್ತಲ್ರೀ. ನಮ್ಮಲ್ಲಿ ಬೇವು, ಜಾಲಿ ಎಲ್ಲ ಅದರಲ್ಲೇ ಕೊಯ್ತೀನಿ. ಬೇವು ಕೊಯ್ಯುವಾಗ ಸೀನು ಬಂದು ಸಾಕಾಗಿ ಹೋಗ್ತದೆ, ಅದೊಂದು ಬಿಟ್ಟರೆ ತಕರಾರಿಲ್ಲ.

ಹಲಸಿನಡಿ

ಬಸು ಅಣ್ಣ, ಬೇಜಾರು ಮಾಡಿಕೊಳ್ಳಬೇಡಿ, ಇದನ್ನು ಬರೆಯಲೇಬೇಕು.

ನಾನು ಒಂದು ಹಳೆಯ ಟೇಬಲ್ ಸಾ ತೆಗೆದಿದ್ದೆ, ಸೆಕೆಂಡ್ ಹ್ಯಾಂಡ್. ಬ್ಲೇಡಿನ ಹಿಂದೆ ಒಂದು ತೆಳು ತಗಡು ನಿಂತಿರಬೇಕು, ರೈವಿಂಗ್ ನೈಫ್ ಅನ್ನುತ್ತಾರೆ. ಕೊಯ್ದ ಮರದ ಎರಡು ಭಾಗ ಒಂದಕ್ಕೊಂದು ಸೇರಿ ಬ್ಲೇಡನ್ನು ಹಿಡಿಯದ ಹಾಗೆ ನೋಡಿಕೊಳ್ಳುವುದು ಅದರ ಕೆಲಸ. ನನಗೆ ಕೊಟ್ಟವರು ಅದನ್ನು ಯಾವಾಗಲೋ ಬಿಚ್ಚಿ ಬಿಸಾಡಿದ್ದರು. "ಅದು ಅಡ್ಡ ಬರ್ತದೆ" ಎಂದರು. ನಾನೂ ತಲೆ ಅಲ್ಲಾಡಿಸಿದೆ.

ಮಳೆಗಾಲ ಶುರುವಾಗಿತ್ತು. ಮಹಾಗನಿ ಹಲಗೆ, ಒಣಗಿದ್ದು ಎಂದು ಹೇಳಿ ಕೊಟ್ಟದ್ದು. ಅರ್ಧ ಸೀಳುವಾಗ ಸದ್ದು ಬದಲಾಯಿತು. ಕುಂಯ್ ಅನ್ನುತ್ತಿದ್ದದ್ದು ದಪ್ಪವಾಯಿತು, ಸಣ್ಣ ಹೊಗೆಯ ವಾಸನೆ. ಕೊಯ್ದ ಸೀಳು ಹಿಂದೆ ಮುಚ್ಚಿಕೊಳ್ಳುತ್ತಿದೆ ಎಂದು ಗೊತ್ತಾಗುವಷ್ಟರಲ್ಲಿ ಹಲಗೆ ನನ್ನ ಕೈಯಲ್ಲಿ ಇರಲಿಲ್ಲ. ಬೆಲ್ಟಿನ ಬಕಲ್‌ಗೆ ಹೊಡೆದು ಹಿಂದಿನ ಗೋಡೆಗೆ ಹೋಗಿ ಬಿತ್ತು. ಬಕಲ್ ಬಗ್ಗಿದೆ, ಇನ್ನೂ ಇಟ್ಟುಕೊಂಡಿದ್ದೇನೆ. ಹೊಟ್ಟೆಯ ಮೇಲೆ ಹದಿನೈದು ದಿನ ನೀಲಿ ಮಚ್ಚೆ ಇತ್ತು. ಒಂದು ಗೇಣು ಕೆಳಗೆ ಬಿದ್ದಿದ್ದರೆ ಏನಾಗುತ್ತಿತ್ತು ಎಂದು ಇಲ್ಲಿ ಬರೆಯುವುದು ಬೇಡ.

ಇದಕ್ಕೇ ಕಿಕ್‌ಬ್ಯಾಕ್ ಅನ್ನುವುದು. ಉಲ್ಟಾ ಕಟ್ಟಿದ ಸರ್ಕ್ಯುಲರ್ ಸಾದಲ್ಲಿ ರೈವಿಂಗ್ ನೈಫೂ ಇಲ್ಲ, ಮುಚ್ಚಳವನ್ನೂ ಬಿಚ್ಚಿರುತ್ತೀರಿ, ಸ್ವಿಚ್ಚಿಗೆ ಹಗ್ಗ ಕಟ್ಟಿ ಆನ್ ಇಟ್ಟಿರುತ್ತೀರಿ. ಅಲ್ವಾ?

ಜತ್ತದ ಬಸು

ಹಗ್ಗ ಅಲ್ರೀ, ಸೈಕಲ್ ಟ್ಯೂಬು. ಆದರೂ ನೀವು ಹೇಳಿದ್ದು ಖರೆ. ಒಂದು ಹೊರಗಿನ ಸ್ವಿಚ್ಚಾದರೂ ಹಾಕಿಸ್ತೀನಿ.

ಹಲಸಿನಡಿ

ಸ್ವಿಚ್ಚು ಕಾಲಿಗೆ ಅಥವಾ ಮೊಣಕಾಲಿಗೆ ತಾಗಿದ ಕೂಡಲೇ ಆಫ್ ಆಗುವ ಹಾಗಿರಲಿ. ತಗಡಿನ ವಿಷಯವನ್ನೂ ಮರೆಯಬೇಡಿ.

ಪೆರ್ಲದ ಮಾಷ್ಟ್ರು

ಓದಿ ಬೆವರು ಬಂತು. ಟೇಬಲ್ ಸಾ ಸದ್ಯಕ್ಕೆ ಬೇಡ. 7 ಇಂಚಿನ ಸರ್ಕ್ಯುಲರ್ ಸಾ ಅಂತ ತೀರ್ಮಾನ ಮಾಡಿದೆ.

ಮತ್ತೆ ಮೂರು ಸಂಶಯ. ಒಂದು, ಕೈಯಲ್ಲಿ ಹಿಡಿದು 7 ಅಡಿ ನೇರ ಕೊಯ್ಯುವುದು ಹೇಗೆ? ಎರಡು, ನಮ್ಮಲ್ಲಿ ಸಂಜೆ ವೋಲ್ಟೇಜ್ ಇಳಿಯುತ್ತದೆ, ಟ್ಯೂಬ್‌ಲೈಟ್ ಕಣ್ಣು ಮಿಟುಕಿಸುತ್ತದೆ. ಮೂರು, ಬ್ಯಾಟರಿಯದ್ದು ತೆಗೆದರೆ ಹೇಗೆ?

ಮಡಕಶಿರಾದವ

ಮೂರನೆಯದಕ್ಕೆ ನಾನು ಹೇಳುತ್ತೇನೆ. ನನ್ನ ಹತ್ತಿರ ಇರುವುದು ಬ್ಯಾಟರಿಯದ್ದೇ, ಆರೂವರೆ ಇಂಚು. ನಮ್ಮ ಊರಲ್ಲಿ ಹೊಲದ ಶೆಡ್ಡಿಗೆ ಕರೆಂಟಿಲ್ಲ, ಹಾಗಾಗಿ ಬೇರೆ ದಾರಿ ಇರಲಿಲ್ಲ. ಪ್ಲೈಗೆ ಬಂಗಾರ. ಹುಣಸೆ ಹಲಗೆ ಸೀಳಲು ಹೋದರೆ ಬ್ಯಾಟರಿ ನೋಡನೋಡುತ್ತಲೇ ಖಾಲಿ. ಎರಡು ಬ್ಯಾಟರಿ, ಚಾರ್ಜರ್ ಸೇರಿದರೆ ನಿಮ್ಮ 15 ಸಾವಿರದಲ್ಲಿ ಬ್ಲೇಡಿಗೆ ದುಡ್ಡು ಉಳಿಯುವುದಿಲ್ಲ. ಮನೆಯ ಪಕ್ಕದಲ್ಲೇ ಹಟ್ಟಿ ಇರುವಾಗ ವೈರಿನದ್ದೇ ಸಾಕು.

ಹೊಸೂರು ಫಿಟ್ಟರ್

ಮೊದಲು ಕರೆಂಟ್. 1400 ವ್ಯಾಟ್ ಅಂದರೆ 230 ವೋಲ್ಟಿನಲ್ಲಿ 6 ಆಂಪಿಯರ್ ಚಿಲ್ಲರೆ. ಸ್ವಿಚ್ ಒತ್ತಿದ ಕ್ಷಣ ಅದರ ಹಲವು ಪಟ್ಟು ಎಳೆಯುತ್ತದೆ. ಫ್ಯಾನಿನ 6 ಆಂಪಿಯರ್ ಪ್ಲಗ್ಗಿಗೆ ಚುಚ್ಚಬೇಡಿ, ಹಟ್ಟಿಗೆ 16 ಆಂಪಿಯರಿನ ಒಂದು ಪಾಯಿಂಟ್ ಎಳೆಸಿ. ಜೊತೆಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಕರೆಂಟ್ ಸೋರಿದರೆ ತಾನಾಗಿ ಆಫ್ ಆಗುವ ಸ್ವಿಚ್. ನೆಲ ಒದ್ದೆ ಆಗುವ ಊರು ನಿಮ್ಮದು.

ಎಕ್ಸ್‌ಟೆನ್ಷನ್ ವೈರ್ ತೆಳು ಇದ್ದರೆ ಬಂದ ವೋಲ್ಟೇಜೂ ದಾರಿಯಲ್ಲೇ ಸೋರುತ್ತದೆ. 2.5 ಚದರ ಮಿ.ಮೀ. ತಾಮ್ರದ್ದು ತೆಗೆಯಿರಿ. ಸುರುಳಿ ಪೂರ್ತಿ ಬಿಚ್ಚಿ ಉಪಯೋಗಿಸಿ, ಸುತ್ತಿಟ್ಟು ಓಡಿಸಿದರೆ ಬಿಸಿ ಏರುತ್ತದೆ. ವೋಲ್ಟೇಜ್ ಇಳಿದಾಗ ದೂಡಿ ದೂಡಿ ಕೊಯ್ದರೆ ಮೋಟಾರ್ ಸುಡುತ್ತದೆ. ಅದಕ್ಕೆ ಮದ್ದು ಸುಲಭ, ಬೆಳಗ್ಗೆ ಕೊಯ್ಯಿರಿ. ಸಂಜೆ ಉಪ್ಪುಕಾಗದ ಉಜ್ಜಿ.

ಇನ್ನು ನೇರ ಕೊಯ್ಯುವುದು. ಇದಕ್ಕೆ ಕಾಸಿಲ್ಲ, ಎರಡು ತುಂಡು ಪ್ಲೈ ಸಾಕು. 6 ಮಿ.ಮೀ. ಪ್ಲೈಯ 8 ಅಡಿ ಉದ್ದ, ಒಂದಡಿ ಅಗಲದ ಪಟ್ಟಿ ಅಡಿಗೆ. ಅದರ ಮೇಲೆ 12 ಮಿ.ಮೀ. ಪ್ಲೈಯ 4 ಇಂಚಿನ ಪಟ್ಟಿಯನ್ನು ಅಂಟು ಹಾಕಿ ಒಂದು ಬದಿಗೆ ಕೂರಿಸಿ. ಮೇಲಿನ ಪಟ್ಟಿಯ ಒಳಬದಿ ಫ್ಯಾಕ್ಟರಿಯಲ್ಲಿ ಕೊಯ್ದ ನೇರ ಅಂಚೇ ಆಗಿರಬೇಕು, ಇಡೀ ಸಂಗತಿ ನಿಂತಿರುವುದು ಆ ಅಂಚಿನ ಮೇಲೆ. ಅಂಟು ಒಣಗಲಿ. ಆಮೇಲೆ ಗರಗಸದ ತಳವನ್ನು ಆ ಅಂಚಿಗೆ ಒತ್ತಿ ಹಿಡಿದು ಒಂದು ತುದಿಯಿಂದ ಇನ್ನೊಂದು ತುದಿಗೆ ಓಡಿಸಿ. ಅಡಿಯ ಪಟ್ಟಿಯಲ್ಲಿ ಹೆಚ್ಚಾದದ್ದು ಉದುರಿಹೋಗುತ್ತದೆ. ಈಗ ಅಡಿಯ ಪಟ್ಟಿಯ ತುದಿ ಎಲ್ಲಿದೆಯೋ ಬ್ಲೇಡ್ ಸರಿಯಾಗಿ ಅಲ್ಲೇ ಕೊಯ್ಯುತ್ತದೆ. ಮರದ ಮೇಲೆ ಗೆರೆ ಎಳೆಯಿರಿ, ತುದಿಯನ್ನು ಗೆರೆಗೆ ಇಡಿ, ಎರಡು ಕಡೆ ಸಿ ಕ್ಲ್ಯಾಂಪ್ ಬಿಗಿಯಿರಿ, ಓಡಿಸಿ. ನಿಮ್ಮ ಹಲಗೆಯ ಓರೆಕೋರೆ ಬದಿ ನೇರ ಆಗುವುದೂ ಇದರಲ್ಲೇ.

ಆಳ ಲೆಕ್ಕ ಹಾಕುವಾಗ ಆ 6 ಮಿ.ಮೀ. ಸೇರಿಸಿ. 38ಕ್ಕೆ 6 ಸೇರಿದರೆ 44. ಮರದ ಅಡಿಗೆ ಬ್ಲೇಡ್ 5 ಮಿ.ಮೀ. ಇಣುಕಿದರೆ ಸಾಕು, ಪೂರ್ತಿ ಇಳಿಸಬೇಡಿ. ಬ್ಲೇಡ್ ತೀರಾ ಕೆಳಗೆ ಇಳಿದಾಗ ಮೋಟಾರ್ ಬಂದು ಕ್ಲ್ಯಾಂಪಿಗೆ ಬಡಿಯುತ್ತದಾ ಎಂದು ಒಮ್ಮೆ ಪ್ಲಗ್ ತೆಗೆದಿಟ್ಟು ಓಡಿಸಿ ನೋಡಿ.

ಅಡೂರಕ್ಕ

ಹಲಗೆಯ ಅಡಿಗೆ ಏನಿಡುವುದು ಎಂದು ಯಾರೂ ಹೇಳಲಿಲ್ಲ! ಎರಡು ಸ್ಟೂಲಿನ ಮೇಲೆ ಹಲಗೆ ಇಟ್ಟು ಮಧ್ಯದಲ್ಲಿ ತುಂಡು ಮಾಡಿದರೆ ಎರಡೂ ಭಾಗ ನಡುವಿಗೆ ಕುಸಿದು ಬ್ಲೇಡನ್ನು ಕಚ್ಚಿ ಹಿಡಿಯುತ್ತವೆ. ಹಲಸಿನಡಿಯವರ ಕತೆಯೇ ಮತ್ತೆ. 2 ಇಂಚು ದಪ್ಪದ ಥರ್ಮಾಕೋಲ್ ಹಾಳೆ ತಂದು ನೆಲಕ್ಕೆ ಹಾಕಿ, ಅದರ ಮೇಲೆ ಪ್ಲೈ ಇಡಿ. ಬ್ಲೇಡ್ ಥರ್ಮಾಕೋಲನ್ನು ಸ್ವಲ್ಪ ಗೀರಿಕೊಂಡು ಹೋಗುತ್ತದೆ, ತುಂಡು ಎಲ್ಲಿಗೂ ಕುಸಿಯುವುದಿಲ್ಲ. ನಾನು ಒಂದೇ ಹಾಳೆಯಲ್ಲಿ ಎರಡು ವರ್ಷ ನಡೆಸಿದ್ದೇನೆ.

ಪ್ಲೈಯ ಚಂದದ ಮೈ ಕೆಳಗೆ ಇರಲಿ. ಈ ಗರಗಸದ ಹಲ್ಲು ಕೆಳಗಿನಿಂದ ಮೇಲಕ್ಕೆ ಕೊಯ್ಯುವುದು, ಸಿಬಿರು ಏಳುವುದು ಮೇಲಿನ ಮೈಯಲ್ಲಿ.

ಮತ್ತೆ ಮಾಸ್ಕ್. ಮರದ ಹುಡಿ ತಾನೇ ಎಂದು ಅಸಡ್ಡೆ ಬೇಡ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲೇ ಮರದ ಹುಡಿಯನ್ನು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಮೂಗಿಗೆ ಬೈರಾಸು ಕಟ್ಟಿದರೆ ಸಾಲದು, ಎನ್ 95 ಬೇಕು.

ಉಳಿಬಾಚಿ

ಬೈರಾಸು ಅಂದದ್ದು ಒಳ್ಳೆಯದಾಯಿತು. ಹೆಗಲಲ್ಲಿ ಬೈರಾಸು, ಸೊಂಟದಲ್ಲಿ ಮುಂಡು ಎತ್ತಿ ಕಟ್ಟಿ ಈ ಗರಗಸ ಹಿಡಿಯಬೇಡಿ. ಬಗ್ಗಿದಾಗ ಮೊದಲು ಜಾರುವುದು ಬೈರಾಸು. ಚಡ್ಡಿಯೋ ಪ್ಯಾಂಟೋ ಹಾಕಿ. ಕೈಗವಸೂ ಬೇಡ, ಬ್ಲೇಡಿಗೆ ಅದು ಸಿಕ್ಕಿದರೆ ಕೈಯನ್ನೂ ಎಳೆಯುತ್ತದೆ.

ಈಗ ಬ್ಲೇಡ್. ಮೆಷಿನ್ ಯಾವ ಕಂಪನಿ ಎಂದು ನೀವೆಲ್ಲ ಇನ್ನೆರಡು ದಿನ ಜಗಳ ಮಾಡುತ್ತೀರಿ. ಬಾಷ್ ಇರಲಿ, ಮಕಿಟಾ ಇರಲಿ, ಡಿವಾಲ್ಟ್ ಇರಲಿ, ರಿಪೇರಿ ಮಾಡುವ ಜನ ಮಂಗಳೂರಿನಲ್ಲೋ ಕಾಸರಗೋಡಿನಲ್ಲೋ ಸಿಗುತ್ತಾರಾ, ಕಾರ್ಬನ್ ಬ್ರಷ್ ಸಿಗುತ್ತದಾ ಎಂದು ಮಾತ್ರ ಕೇಳಿ. ಕೆಲಸ ಚಂದ ಬರುವುದು ಬ್ಲೇಡಿನಿಂದ. ಡಬ್ಬದೊಳಗೆ ಬಂದ ಬ್ಲೇಡಿನಲ್ಲಿ ಹಲಸು ಸೀಳಿ, ಬೇಡ ಅನ್ನುವುದಿಲ್ಲ. ಪ್ಲೈಗೆ ಮಾತ್ರ 40 ಹಲ್ಲಿನ ಟಿಸಿಟಿ (ಹಲ್ಲಿನ ತುದಿಗೆ ಕಾರ್ಬೈಡ್ ಇರುವ) ಬ್ಲೇಡ್ ಬೇರೆಯೇ ತೆಗೆಯಿರಿ. ಉದ್ದಕ್ಕೆ ಸೀಳಲು 24 ಹಲ್ಲು. ಹಲ್ಲು ಜಾಸ್ತಿ ಇದ್ದರೆ ಎಲ್ಲದಕ್ಕೂ ಒಳ್ಳೆಯದು ಎಂದು ತಿಳಿಯಬೇಡಿ, ಉದ್ದ ಸೀಳುವಾಗ ಹುಡಿ ಹೊರಗೆ ಹೋಗಲು ಜಾಗ ಇಲ್ಲದೆ ಮರ ಸುಟ್ಟು ಕಪ್ಪಾಗುತ್ತದೆ. ನಡುವಿನ ತೂತು ನಿಮ್ಮ ಮೆಷಿನ್ನಿಗೆ ಸರಿ ಹೊಂದಬೇಕು, ಹಳೆ ಬ್ಲೇಡನ್ನೇ ಅಂಗಡಿಗೆ ಒಯ್ಯಿರಿ.

ಹಲಸು ಕೊಯ್ಯುವಾಗ ಬ್ಲೇಡಿಗೆ ಮಯಣ, ಅಂದರೆ ಮರದ ಅಂಟು ಹಿಡಿಯುತ್ತದೆ. ಅಟ್ಟದಲ್ಲಿ ಅಷ್ಟು ವರ್ಷ ಒಣಗಿದ್ದು ಎಂದರೆ ಕಡಿಮೆ, ಆದರೂ ನೋಡಿ. ಬ್ಲೇಡ್ ಕಂದು ಬಣ್ಣಕ್ಕೆ ತಿರುಗಿತು, ಮೆಷಿನ್ ದಮ್ಮು ಕಟ್ಟಿದ ಹಾಗೆ ಸದ್ದು ಮಾಡಿತು ಅಂದರೆ ಹಲ್ಲು ಮೊಂಡಾದದ್ದಲ್ಲ, ಮಯಣ. ಪ್ಲಗ್ ತೆಗೆಯಿರಿ, ಬ್ಲೇಡ್ ಬಿಚ್ಚಿ, ಬಿಸಿನೀರಿಗೆ ಸೋಪಿನ ಹುಡಿ ಹಾಕಿ ಮುಳುಗಿಸಿ, ಹಳೆ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿ. ಒರೆಸಿ ಒಣಗಿಸಿ, ಎರಡು ಹನಿ ತೆಂಗಿನೆಣ್ಣೆ ಸವರಿ. ಇಲ್ಲದಿದ್ದರೆ ಮಳೆಗಾಲಕ್ಕೆ ತುಕ್ಕು.

ಕೊನೆಗೆ, ಅಟ್ಟದ ಹಲಗೆಯಲ್ಲಿ ಮೊಳೆ ಇರುತ್ತದೆ. ಅಪ್ಪನವರು ಏನೋ ನೇತುಹಾಕಲು ಹೊಡೆದಿರುತ್ತಾರೆ. ಅಂಗೈ ಸವರಿ ನೋಡಿ, ಒಂದು ಅಯಸ್ಕಾಂತವನ್ನೂ ಓಡಿಸಿ.

ಕುಂಬಳೆ ಕಡಲು

ಆಚಾರ್ರೇ, ನೀವು ಯಾವ ಊರಿಗೆಲ್ಲ ಕೆಲಸಕ್ಕೆ ಬರುತ್ತೀರಿ?

ಉಳಿಬಾಚಿ

ಮುಂದಿನ ದೀಪಾವಳಿಗೆ ಬರ್ತೇನೆ.

ಪೆರ್ಲದ ಮಾಷ್ಟ್ರು

ಒಂದು ತಿಂಗಳ ಮೇಲೆ ಬರೆಯುತ್ತಿದ್ದೇನೆ, ಕ್ಷಮಿಸಿ.

ಮಂಗಳೂರಿಗೆ ಹೋಗಿ 7 ಇಂಚಿನದ್ದೇ ತಂದೆ. ಮೆಷಿನ್, 40 ಹಲ್ಲಿನ ಬ್ಲೇಡ್ ಒಂದು, ನಾಲ್ಕು ಸಿ ಕ್ಲ್ಯಾಂಪ್, ಮಾಸ್ಕ್, ಕನ್ನಡಕ, ವೈರಿಂಗ್ ಎಲ್ಲ ಸೇರಿ 15ರ ಒಳಗೇ ಮುಗಿಯಿತು. ಮನೆಯಲ್ಲಿ ಇನ್ನೂ 10 ಅಂತಲೇ ಇದೆ.

ಮೊದಲ ಸಲ ಸ್ವಿಚ್ ಒತ್ತಿದಾಗ ಅದು ಕೈಯಲ್ಲಿ ಒಮ್ಮೆ ತಿರುಚಿಕೊಂಡಿತು ನೋಡಿ, ಹೆದರಿ ಬಿಟ್ಟೇಬಿಟ್ಟೆ. ಮುಚ್ಚಳ ಚಟ್ ಎಂದು ಮುಚ್ಚಿತು. ಆಚಾರ್ರು ಹೇಳಿದ್ದು ಆಗ ಅರ್ಥವಾಯಿತು. ಬೇಡದ ಅಡಿಕೆ ಮರದ ಸಲಾಕೆ, ಹಳೆ ಪಕ್ಕಾಸು ತುಂಡುಗಳನ್ನು ಎರಡು ದಿನ ಕೊಯ್ದು ಅಭ್ಯಾಸ ಮಾಡಿದೆ. ಆಮೇಲೆ ಫಿಟ್ಟರ್ ಅಣ್ಣ ಹೇಳಿದ ಪಟ್ಟಿ ಮಾಡಿದೆ. ಅದೊಂದು ಮಾಯೆ. 7 ಅಡಿ ಹಲಸಿನ ಬದಿ ಕೊಯ್ದು ಎರಡು ಹಲಗೆ ಪಕ್ಕಪಕ್ಕ ಇಟ್ಟೆ, ನಡುವೆ ಬೆಳಕು ಕಾಣುವುದಿಲ್ಲ.

ಮೊಳೆ ಮೂರು ಸಿಕ್ಕಿದವು. ಮೂರನೆಯದು ಅಯಸ್ಕಾಂತಕ್ಕಲ್ಲ, ಬ್ಲೇಡಿಗೆ ಸಿಕ್ಕಿದ್ದು. ಎರಡು ಹಲ್ಲು ಹೋಯಿತು. ಡಬ್ಬದ ಬ್ಲೇಡ್ ಆದ ಕಾರಣ ಅಳು ಬರಲಿಲ್ಲ.

ತಪ್ಪು ಆದದ್ದು ಬೇರೆ. ಕಪಾಟಿನ ಐದು ತಟ್ಟೆಗಳನ್ನು ಒಂದೇ ಹಲಗೆಯಲ್ಲಿ ಸಾಲಾಗಿ ಗುರುತು ಹಾಕಿ ಕೊಯ್ದೆ. ಪ್ರತಿ ಸಲ ಬ್ಲೇಡ್ ತನ್ನ ಪಾಲಿಗೆ ಎರಡೂವರೆ ಮಿ.ಮೀ. ತಿನ್ನುತ್ತದೆ ಎಂಬುದು ತಲೆಗೆ ಹೋಗಲಿಲ್ಲ. ಮೊದಲನೆಯದು ಬಿಟ್ಟು ಉಳಿದ ನಾಲ್ಕು ತಟ್ಟೆಯೂ ಎರಡೂವರೆ ಮಿ.ಮೀ. ಗಿಡ್ಡ. ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಲೆಕ್ಕ ಕಲಿಸುತ್ತಿದ್ದೇನೆ.

ಅಡೂರಕ್ಕ

😂 ಒಂದು ಕೊಯ್ದ ಮೇಲೇ ಮುಂದಿನದಕ್ಕೆ ಗುರುತು ಹಾಕಬೇಕು ಮಾಷ್ಟ್ರೇ. ಗಿಡ್ಡ ತಟ್ಟೆಗಳ ಒಂದು ತುದಿಗೆ ತೆಳು ಪಟ್ಟಿ ಅಂಟಿಸಿ, ಬೇರೆ ಮರದ್ದು ಹಾಕಿದರೆ ಬೇಕೆಂದೇ ಮಾಡಿದ ಹಾಗೆ ಕಾಣುತ್ತದೆ.

ಬಟ್ಟೆ ಹಳದಿ ಆಯಿತಾ?

ಪೆರ್ಲದ ಮಾಷ್ಟ್ರು

ಅಯ್ಯೋ, ಅದನ್ನು ಬರೆಯಲು ಮರೆತೆ. ಬಿಳಿ ಬನಿಯನ್ ಹಾಕಿಕೊಂಡಿದ್ದೆ. ಬೆವರಿಗೆ ಹುಡಿ ಅಂಟಿ ಅರಿಶಿನ ಹಚ್ಚಿದ ಹಾಗೆ. ಎರಡು ಸಲ ಒಗೆದರೂ ಹೋಗಲಿಲ್ಲ.

ಹಲಸಿನಡಿ

ಹೋಗುವುದೂ ಇಲ್ಲ. ಬರ್ಮಾ, ಥಾಯ್ಲೆಂಡ್ ಕಡೆ ಬೌದ್ಧ ಭಿಕ್ಷುಗಳ ಬಟ್ಟೆಗೆ ಹಲಸಿನ ಮರದ ಚೂರು ಕುದಿಸಿಯೇ ಬಣ್ಣ ಹಾಕುತ್ತಿದ್ದದ್ದು. ನಿಮ್ಮದು ಪುಕ್ಕಟೆ ದೀಕ್ಷೆ.

ಅದಿರಲಿ, 11ರಲ್ಲಿ ಎಷ್ಟು ಹಲಗೆ ಉಳಿಯಿತು? ಕೊಡುವುದಾದರೆ ಹೇಳಿ, ಪಿಕಪ್ ತರುತ್ತೇನೆ.

ಪೆರ್ಲದ ಮಾಷ್ಟ್ರು

ಆರು ಉಳಿದಿವೆ. ಕೊಡುವುದಿಲ್ಲ.